ಬ್ಯಾಕ್ಟೀರಿಯಾ ಕೊಲ್ಲುವ ಕೃತಕ ಪೆಪ್ಟೈಡ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗದಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತೇನೆ. ಅದಕ್ಕೆ ಮುಂಚೆ ಕೆಲವು ವರ್ಷ ಲ್ಯಾಬ್‌ನಲ್ಲಿ ಪೆಪ್ಟೈಡ್ ತಯಾರಿಸುವ ಕೆಲಸದಲ್ಲಿದ್ದೆ. ಊರು ತೀರ್ಥಹಳ್ಳಿ ಕಡೆ. ಊರಿಗೆ ಹೋದರೆ ಜಗಲಿ ಮೇಲೆ ಕೂತವರು ಕೇಳುತ್ತಾರೆ, ಇಲ್ಲಿ ಕ್ಲಾಸ್ ಮುಗಿದ ಮೇಲೆ ಮಕ್ಕಳು ಕೇಳುತ್ತಾರೆ, ಕೆಲವರು ಕಾಗದ ಬರೆದೂ ಕೇಳಿದ್ದಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಬುಡದಿಂದ

ಪೆಪ್ಟೈಡ್ ಅಂದ್ರೆ ಜಿಮ್ಮಿನವರು ಕುಡಿಯೋ ಪ್ರೋಟೀನ್ ಪುಡಿನಾ ಮೇಷ್ಟ್ರೇ?

ಅಲ್ಲ, ಆದರೆ ಎರಡೂ ಒಂದೇ ಸಾಮಾನಿನಿಂದ ಆದವು. ಆ ಸಾಮಾನಿನ ಹೆಸರು ಅಮೈನೋ ಆಮ್ಲ. ಜೀವಿಗಳ ಮೈಯಲ್ಲಿ ಮುಖ್ಯವಾಗಿ 20 ಬಗೆಯ ಅಮೈನೋ ಆಮ್ಲ ಬಳಕೆಯಾಗುತ್ತವೆ. ಅವುಗಳನ್ನು ಹೂವಿನ ಹಾಗೆ ಸಾಲಾಗಿ ಪೋಣಿಸಿದರೆ ಒಂದು ಸರ ಆಗುತ್ತದೆ. ನೂರಾರು ಹೂವಿನ ಉದ್ದದ ಸರವನ್ನು ಪ್ರೋಟೀನ್ ಅನ್ನುತ್ತೇವೆ. ಹತ್ತರಿಂದ ಐವತ್ತು ಹೂವಿನ ಗಿಡ್ಡ ತುಂಡು ಪೆಪ್ಟೈಡ್. ಬ್ಯಾಕ್ಟೀರಿಯಾ ಕೊಲ್ಲುವ ಪೆಪ್ಟೈಡ್‌ಗಳು ಬಹುಪಾಲು ಈ ಗಿಡ್ಡ ಜಾತಿಯವು. ಯಾವ ಹೂವಿನ ಪಕ್ಕ ಯಾವ ಹೂವು ಬಂತು ಅನ್ನುವುದರ ಮೇಲೆ ಆ ಸರದ ಗುಣ ನಿಂತಿದೆ. ಒಂದನ್ನು ಬದಲಿಸಿದರೂ ಕೊಲ್ಲುವ ಶಕ್ತಿ ಹೋಗಿಬಿಡಬಹುದು.

ಕಪ್ಪೆ ಚರ್ಮದಿಂದ ಔಷಧಿ ಮಾಡ್ತಾರಂತೆ, ಹೌದಾ? ನಮ್ಮ ತೋಟದಲ್ಲಿ ಬೇಕಾದಷ್ಟಿವೆ.

ಕಪ್ಪೆಯಿಂದ ಕಲಿತದ್ದು ನಿಜ. ಅಮೆರಿಕದಲ್ಲಿ ಮೈಕಲ್ ಝಾಸ್ಲಾಫ್ ಅನ್ನುವ ವಿಜ್ಞಾನಿ ಆಫ್ರಿಕಾದ ಒಂದು ಜಾತಿಯ ಕಪ್ಪೆಗಳ ಹೊಟ್ಟೆ ಕೊಯ್ದು ಮೊಟ್ಟೆ ತೆಗೆದು, ಹೊಲಿಗೆ ಹಾಕಿ, ಮತ್ತೆ ತೊಟ್ಟಿಗೆ ಬಿಡುತ್ತಿದ್ದರು. ತೊಟ್ಟಿಯ ನೀರು ಶುದ್ಧವೇನಲ್ಲ. ಆದರೂ ಗಾಯ ಕೀವಾಗದೆ ಮಾಯುತ್ತಿತ್ತು. ಇದು ಅವರ ತಲೆಯಲ್ಲಿ ಕೊರೆಯಲು ಶುರುವಾಯಿತು. ಹುಡುಕಿದಾಗ ಚರ್ಮದಲ್ಲಿ 23 ಅಮೈನೋ ಆಮ್ಲಗಳ ಎರಡು ಪೆಪ್ಟೈಡ್ ಸಿಕ್ಕವು. 1987ರಲ್ಲಿ ಪ್ರಕಟಿಸಿ, ಹೀಬ್ರೂ ಭಾಷೆಯಲ್ಲಿ ಗುರಾಣಿ ಅನ್ನುವ ಅರ್ಥದ ಪದದಿಂದ ಅವಕ್ಕೆ ಮ್ಯಾಗೈನಿನ್ ಅಂತ ಹೆಸರಿಟ್ಟರು.

ನಮ್ಮ ಪಶ್ಚಿಮ ಘಟ್ಟದ ಕಪ್ಪೆಯೂ ಈ ಕಥೆಯಲ್ಲಿದೆ. ಕೇರಳದಲ್ಲಿ ಸಿಕ್ಕ ಹೈಡ್ರೋಫಿಲ್ಯಾಕ್ಸ್ ಬಹುವಿಸ್ತಾರ ಅನ್ನುವ ಕಪ್ಪೆಯ ಚರ್ಮದಿಂದ 2017ರಲ್ಲಿ ಉರುಮಿನ್ ಎಂಬ ಪೆಪ್ಟೈಡ್ ವರದಿಯಾಯಿತು. ಉರುಮಿ ಅಂದರೆ ಅಲ್ಲಿನ ಬಳುಕುವ ಕತ್ತಿ. ಅದು ಬ್ಯಾಕ್ಟೀರಿಯಾಕ್ಕಿಂತ ಹೆಚ್ಚಾಗಿ ಹೆಸರು ಮಾಡಿದ್ದು ಒಂದು ಬಗೆಯ ಫ್ಲೂ ವೈರಸ್ಸನ್ನು ಹಾಳುಮಾಡುವುದರಲ್ಲಿ. ಮಳೆಗಾಲ ಪೂರ್ತಿ ಒದ್ದೆ ತರಗೆಲೆಯಲ್ಲಿ, ಕೊಳೆತ ನೀರಿನಲ್ಲಿ, ಮುಚ್ಚಳವಿಲ್ಲದ ತೆಳು ಚರ್ಮದಲ್ಲಿ ಬದುಕುವ ಪ್ರಾಣಿ ಕಪ್ಪೆ. ರಕ್ಷಣೆ ಇಲ್ಲದೆ ಹೇಗೆ ಉಳಿದೀತು?

ಒಂದು ಮಾತು ಕೈಮುಗಿದು ಹೇಳುತ್ತೇನೆ. ಕಪ್ಪೆ ಹಿಡಿಯಬೇಡಿ, ಗಾಯಕ್ಕೆ ಉಜ್ಜಬೇಡಿ. ನಮಗೆ ಬೇಕಾದದ್ದು ಆ ಸರದ ಅನುಕ್ರಮ ಮಾತ್ರ. ಅದು ಗೊತ್ತಾದ ಮೇಲೆ ಕಪ್ಪೆಯ ತಂಟೆಗೇ ಹೋಗದೆ ಲ್ಯಾಬ್‌ನಲ್ಲಿ ಎಷ್ಟು ಬೇಕಾದರೂ ಮಾಡಿಕೊಳ್ಳಬಹುದು. ಕೃತಕ ಅನ್ನುವುದು ಇದಕ್ಕೇ.

ನಮ್ಮ ಮೈಯಲ್ಲಿ ಇಂಥದ್ದು ಇಲ್ವಾ?

ಇದೆ. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ತಾಗಿ ಬೆರಳು ಕೊಯ್ದುಕೊಂಡಿರಿ ಅಂದುಕೊಳ್ಳಿ. ಆ ಜಾಗದ ಚರ್ಮದ ಕೋಶಗಳೂ ಬಿಳಿ ರಕ್ತಕಣಗಳೂ ಡಿಫೆನ್ಸಿನ್‌ಗಳನ್ನು, ಎಲ್‌ಎಲ್-37 ಅನ್ನುವ 37 ಅಮೈನೋ ಆಮ್ಲದ ಪೆಪ್ಟೈಡನ್ನು ಬಿಡುತ್ತವೆ. ಬೆವರಿನಲ್ಲೂ ಡರ್ಮ್‌ಸಿಡಿನ್ ಅಂತ ಒಂದಿದೆ. ಗಿಡ, ಹುಳ, ಹಸು, ಮನುಷ್ಯ, ಎಲ್ಲರ ಹತ್ತಿರವೂ ಈ ಹಳೆಯ ಅಸ್ತ್ರ ಇದೆ.

ಇರೋ ಆಂಟಿಬಯಾಟಿಕ್ ಸಾಲದಾ? ಹೊಸದು ಯಾಕೆ?

ನಮ್ಮ ಅಪ್ಪನಿಗೆ ಸಕ್ಕರೆ ಕಾಯಿಲೆ. ತೋಟದಲ್ಲಿ ಅಡಿಕೆ ದಬ್ಬೆಯ ಸೀಳು ಪಾದಕ್ಕೆ ಹೊಕ್ಕಿತು. ಮೊದಲು ತೋರಿಸಿದ ಕಡೆ ಕೀವಿನ ಪರೀಕ್ಷೆ ಮಾಡಿಸದೆಯೇ ಮೂರು ಸಲ ಮಾತ್ರೆ ಬದಲಿಸಿದರು. ಹುಣ್ಣು ಒಳಗೇ ಹೋಯಿತು. ಕೊನೆಗೆ ಬೇರೆ ಕಡೆ ಕಲ್ಚರ್ ಮಾಡಿಸಿದಾಗ ಬಂದ ಹಾಳೆ ಈಗಲೂ ನನ್ನ ಹತ್ತಿರ ಇದೆ. ಎಡಗಡೆ ಔಷಧಿಗಳ ಹೆಸರು, ಬಲಗಡೆ ‘ಆರ್’, ‘ಆರ್’, ‘ಆರ್’. ಅಂದರೆ ರೆಸಿಸ್ಟೆಂಟ್, ಈ ಔಷಧಿಗೆ ಬಗ್ಗುವುದಿಲ್ಲ. ಕೆಳಗೆ ಎರಡೇ ಎರಡು ಸಾಲಿನಲ್ಲಿ ‘ಎಸ್’, ಅಂದರೆ ಸೆನ್ಸಿಟಿವ್, ಬಗ್ಗುತ್ತದೆ. ಅವೆರಡೂ ಇಂಜೆಕ್ಷನ್ನು. ಪಾದ ಉಳಿಯಿತು, ಎರಡು ಬೆರಳು ಹೋದವು.

ಇಂಥ ಹಾಳೆ ಈಗ ಎಲ್ಲ ಕಡೆ ಬರುತ್ತಿದೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದ ನೇರವಾಗಿ ಸತ್ತವರು 2019ನೇ ಇಸವಿ ಒಂದರಲ್ಲೇ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಅಂತ ಅಂದಾಜು. ನಮ್ಮ ಸಾಮಾನ್ಯ ಆಂಟಿಬಯಾಟಿಕ್‌ಗಳು ಬ್ಯಾಕ್ಟೀರಿಯಾದ ಒಳಗಿನ ಯಾವುದೋ ಒಂದು ಯಂತ್ರಕ್ಕೆ ಗುರಿ ಇಡುತ್ತವೆ. ಪೆನ್ಸಿಲಿನ್ ಗೋಡೆ ಕಟ್ಟುವ ಕಿಣ್ವವನ್ನು ಹಿಡಿಯುತ್ತದೆ. ಸಿಪ್ರೋಫ್ಲಾಕ್ಸಸಿನ್ ಡಿಎನ್‌ಎ ಸುರುಳಿ ಬಿಡಿಸುವ ಕಿಣ್ವವನ್ನು ಹಿಡಿಯುತ್ತದೆ. ಆ ಯಂತ್ರದ ಆಕಾರ ಚೂರು ಬದಲಾದರೂ ಔಷಧಿಗೆ ಹಿಡಿತ ಸಿಗುವುದಿಲ್ಲ. ಪೆಪ್ಟೈಡ್‌ಗಳಲ್ಲಿ ಬಹಳಷ್ಟು ಒಂದು ಯಂತ್ರವನ್ನು ಹಿಡಿಯುವುದಿಲ್ಲ, ಬ್ಯಾಕ್ಟೀರಿಯಾವನ್ನು ಸುತ್ತಿಕೊಂಡಿರುವ ಇಡೀ ಪೊರೆಗೇ ಕೈ ಹಾಕುತ್ತವೆ. ಪೊರೆಯನ್ನೇ ಬದಲಿಸಿಕೊಂಡು ಬದುಕುವುದು ಬ್ಯಾಕ್ಟೀರಿಯಾಕ್ಕೆ ಅಷ್ಟು ಸುಲಭ ಅಲ್ಲ. ನಮ್ಮ ಆಸೆ ಇರುವುದು ಅಲ್ಲಿ.

## ಕೊಲ್ಲುವ ಕೆಲಸ

ಯಾವುದು ಬ್ಯಾಕ್ಟೀರಿಯಾ, ಯಾವುದು ನಮ್ಮ ಜೀವಕೋಶ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?

ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಇದೇ ದೊಡ್ಡ ಪ್ರಶ್ನೆ. ಕೊಲ್ಲುವ ವಸ್ತು ನಮ್ಮ ಸುತ್ತ ಬೇಕಾದಷ್ಟಿವೆ. ಫಿನಾಯಿಲ್ ಕೂಡ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ರೋಗಿಯ ಕೋಶವನ್ನು ಬಿಟ್ಟು ಬ್ಯಾಕ್ಟೀರಿಯಾವನ್ನು ಮಾತ್ರ ಹಿಡಿಯುವುದು ಹೇಗೆ ಅನ್ನುವುದೇ ಕೆಲಸ.

ಪೆಪ್ಟೈಡ್ ಗುರುತು ಹಿಡಿಯುವುದು ಚಾರ್ಜ್‌ನಿಂದ. ಬ್ಯಾಕ್ಟೀರಿಯಾದ ಪೊರೆಯ ಹೊರಮೈಯಲ್ಲಿ ಫಾಸ್ಫಟಿಡೈಲ್‌ಗ್ಲಿಸರಾಲ್, ಕಾರ್ಡಿಯೋಲಿಪಿನ್ ಥರದ ಕೊಬ್ಬುಗಳಿವೆ. ಇವು ಮೈನಸ್ ಚಾರ್ಜ್‌ನವು. ಅದರ ಆಚೆಯ ಗೋಡೆಯಲ್ಲೂ ಮೈನಸ್ ಇದೆ. ನಮ್ಮ ಕೆಂಪು ರಕ್ತಕಣದ ಹೊರಪೊರೆಯ ಕೊಬ್ಬುಗಳು ಬಹುಪಾಲು ಪ್ಲಸ್ಸೂ ಅಲ್ಲ, ಮೈನಸ್ಸೂ ಅಲ್ಲ. ಅಲ್ಲಿ ಮೈನಸ್ ಕೊಬ್ಬು ಇರುವುದು ಒಳಮುಖಕ್ಕೆ. ಸಾಲದ್ದಕ್ಕೆ ನಮ್ಮ ಪೊರೆಯಲ್ಲಿ ಕೊಲೆಸ್ಟರಾಲ್ ಇದೆ, ಅದು ಪೊರೆಯನ್ನು ಬಿಗಿ ಮಾಡುತ್ತದೆ. ಬ್ಯಾಕ್ಟೀರಿಯಾದಲ್ಲಿ ಸಾಮಾನ್ಯವಾಗಿ ಕೊಲೆಸ್ಟರಾಲ್ ಇಲ್ಲ.

ಪೆಪ್ಟೈಡ್‌ನಲ್ಲಿ ಲೈಸೀನ್, ಆರ್ಜಿನೀನ್ ಎಂಬ ಪ್ಲಸ್ ಚಾರ್ಜ್‌ನ ಅಮೈನೋ ಆಮ್ಲಗಳು ಹೆಚ್ಚಿರುತ್ತವೆ. ಪ್ಲಸ್ಸು ಮೈನಸ್ಸಿನ ಕಡೆ ಎಳೆಯುತ್ತದೆ, ಅಷ್ಟೇ. ಇಲ್ಲಿ ಬೀಗ, ಬೀಗದ ಕೈ ಥರದ ಹೊಂದಾಣಿಕೆ ಬೇಕಿಲ್ಲ. ಇದಕ್ಕೆ ಚೆಂದದ ಪುರಾವೆ ಇದೆ. ಅಮೈನೋ ಆಮ್ಲಗಳಿಗೆ ಎಡಗೈ, ಬಲಗೈ ಥರದ ಎರಡು ರೂಪ ಉಂಟು. ನಮ್ಮ ಪ್ರೋಟೀನ್‌ಗಳಲ್ಲಿ ಇರುವುದು ಎಡಗೈ ರೂಪ. 1990ರ ಹೊತ್ತಿಗೆ ಇಡೀ ಪೆಪ್ಟೈಡನ್ನು ಬಲಗೈ ರೂಪದಲ್ಲಿ, ಅಂದರೆ ಕನ್ನಡಿಯಲ್ಲಿ ಕಾಣುವ ಬಿಂಬದ ಹಾಗೆ ಮಾಡಿ ನೋಡಿದರು. ಕೊಲ್ಲುವ ಶಕ್ತಿ ಹೆಚ್ಚು ಕಡಿಮೆ ಅಷ್ಟೇ ಇತ್ತು. ಬೀಗಕ್ಕೆ ಹೊಂದುವ ಕೈ ಆಗಿದ್ದರೆ ತಿರುಗಾ ಮುರುಗಾ ಮಾಡಿದ ಮೇಲೆ ಹೊಂದುತ್ತಲೇ ಇರಲಿಲ್ಲ, ಅಲ್ವಾ?

ಅಂಟಿಕೊಂಡ ಮೇಲೆ ಏನು ಮಾಡುತ್ತೆ? ತೂತು ಕೊರೆಯುತ್ತಾ?

ಇದಕ್ಕೆ ಮೊದಲು ಪೆಪ್ಟೈಡ್‌ನ ಇನ್ನೊಂದು ಗುಣ ಹೇಳಬೇಕು. ಕೆಸುವಿನ ಎಲೆ ಮೇಲೆ ಮಳೆನೀರು ನಿಲ್ಲುವುದಿಲ್ಲ, ಮುತ್ತಾಗಿ ಜಾರಿಬಿಡುತ್ತದೆ. ಲ್ಯೂಸೀನ್, ಫಿನೈಲ್‌ಅಲನೀನ್ ಥರದ ಅಮೈನೋ ಆಮ್ಲಗಳು ಹೀಗೇ ನೀರನ್ನು ದೂರ ಇಡುತ್ತವೆ, ಎಣ್ಣೆ ಜೊತೆ ಸೇರುತ್ತವೆ. ಲೈಸೀನ್ ನೀರಿನ ಕಡೆಯದು. ಪೆಪ್ಟೈಡ್ ನೀರಿನಲ್ಲಿ ತೇಲುವಾಗ ಸಡಿಲ ದಾರದ ಹಾಗೆ ಇರುತ್ತದೆ. ಬ್ಯಾಕ್ಟೀರಿಯಾದ ಪೊರೆಗೆ ತಾಗಿದ ಕೂಡಲೇ ಸ್ಪ್ರಿಂಗ್ ಹಾಗೆ ಸುರುಳಿ ಸುತ್ತಿಕೊಳ್ಳುತ್ತದೆ. ಆ ಸುರುಳಿಯ ಒಂದು ಮಗ್ಗುಲಲ್ಲಿ ಎಣ್ಣೆ ಕಡೆಯವು, ಇನ್ನೊಂದು ಮಗ್ಗುಲಲ್ಲಿ ನೀರಿನ ಕಡೆಯವು ಸಾಲಾಗಿ ನಿಲ್ಲುತ್ತವೆ. ಎಣ್ಣೆ ಮಗ್ಗುಲು ಪೊರೆಯೊಳಗೆ ಇಳಿಯುತ್ತದೆ, ಪ್ಲಸ್ ಮಗ್ಗುಲು ಹೊರಗೆ ಉಳಿಯುತ್ತದೆ.

ಒಂದೆರಡು ಪೆಪ್ಟೈಡ್ ಇಳಿದರೆ ಏನೂ ಆಗುವುದಿಲ್ಲ. ಗುಂಪು ಕೂಡಬೇಕು. ಒಂದು ಮಟ್ಟ ದಾಟಿದ ಮೇಲೆ ಪೊರೆ ತಡೆಯುವುದಿಲ್ಲ. ಹೇಗೆ ಒಡೆಯುತ್ತದೆ ಅನ್ನುವುದಕ್ಕೆ ಮೂರು ಚಿತ್ರ ಕೊಡುತ್ತಾರೆ.

ಮೊದಲನೆಯದು, ಬಿದಿರು ಸೀಳುಗಳನ್ನು ದುಂಡಗೆ ನಿಲ್ಲಿಸಿ ಕಟ್ಟಿದ ಮೀನಿನ ಕೂಣಿ ಇದೆಯಲ್ಲ, ಹಾಗೆ. ಪೆಪ್ಟೈಡ್‌ಗಳು ಪೊರೆಯಲ್ಲಿ ಉದ್ದಕ್ಕೆ ನಿಂತು, ಒಂದಕ್ಕೊಂದು ಒತ್ತಿಕೊಂಡು, ನಡುವೆ ಕೊಳವೆ ಬಿಡುತ್ತವೆ. ಇದಕ್ಕೆ ಒಳ್ಳೆಯ ಉದಾಹರಣೆ ಅಲಮೆಥಿಸಿನ್. ಅದನ್ನು ಮಾಡುವುದು ಟ್ರೈಕೋಡರ್ಮಾ ಎಂಬ ಶಿಲೀಂಧ್ರ. ಕಾಳುಮೆಣಸಿನ ಬುಡಕ್ಕೆ ಬೇವಿನಹಿಂಡಿ ಜೊತೆ ನಾವು ಹಾಕುತ್ತೇವಲ್ಲ, ಆ ಕುಲದ್ದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಲರಾಮ್ ಈ ಜಾತಿಯ ಪೆಪ್ಟೈಡ್‌ಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ಎರಡನೆಯದರಲ್ಲಿ ಪೆಪ್ಟೈಡ್ ತಾನೊಂದೇ ನಿಲ್ಲುವುದಿಲ್ಲ, ಪಕ್ಕದ ಕೊಬ್ಬನ್ನೂ ಬಗ್ಗಿಸಿ ಎಳೆದುಕೊಂಡು ಬರುತ್ತದೆ. ತೂತಿನ ಅಂಚಿನಲ್ಲಿ ಪೆಪ್ಟೈಡ್ ಅಷ್ಟು, ಕೊಬ್ಬಿನ ತಲೆ ಅಷ್ಟು. ಮ್ಯಾಗೈನಿನ್ ಹೀಗೆ ಮಾಡುತ್ತದೆ. ಮೂರನೆಯದರಲ್ಲಿ ಕೊಳವೆಯೇ ಇಲ್ಲ. ಪೆಪ್ಟೈಡ್ ಪೊರೆಯ ಮೇಲೆ ಕಂಬಳಿ ಹಾಸಿದ ಹಾಗೆ ಹಬ್ಬಿ, ಅಂಟುವಾಳದ ನೊರೆ ಜಿಡ್ಡು ಬಿಡಿಸುವಂತೆ ಪೊರೆಯನ್ನು ಚೂರು ಚೂರಾಗಿ ಕಿತ್ತುಬಿಡುತ್ತದೆ.

ಪುಸ್ತಕದಲ್ಲಿ ಮೂರನ್ನೂ ಬೇರೆ ಬೇರೆ ಬಾಕ್ಸ್‌ನಲ್ಲಿ ಬರೆದಿರುವುದರಿಂದ ಮಕ್ಕಳು ಒಂದು ಪೆಪ್ಟೈಡ್‌ಗೆ ಒಂದೇ ದಾರಿ ಅಂದುಕೊಳ್ಳುತ್ತಾರೆ. ಹಾಗಲ್ಲ. ಒಂದೇ ಪೆಪ್ಟೈಡ್ ಕಡಿಮೆ ಇದ್ದಾಗ ಒಂದು ಥರ, ಜಾಸ್ತಿ ಆದಾಗ ಇನ್ನೊಂದು ಥರ ನಡೆದುಕೊಳ್ಳಬಹುದು.

ಒಂದು ತೂತು ಬಿದ್ರೆ ಸಾಯೋದ್ಯಾಕೆ?

ಲಿಂಗನಮಕ್ಕಿಯನ್ನು ನೆನೆಸಿಕೊಳ್ಳಿ. 1,819 ಅಡಿ ಮಟ್ಟಕ್ಕೆ ನೀರು ನಿಲ್ಲಿಸಿರುವುದರಿಂದಲೇ ಕೆಳಗೆ ಟರ್ಬೈನ್ ತಿರುಗಿ ಕರೆಂಟ್ ಬರುತ್ತದೆ. ಬ್ಯಾಕ್ಟೀರಿಯಾವೂ ತನ್ನ ಪೊರೆಯನ್ನೇ ಅಣೆಕಟ್ಟು ಮಾಡಿಕೊಂಡಿದೆ. ಪ್ರೋಟಾನ್‌ಗಳನ್ನು ಹೊರಗೆ ತಳ್ಳಿ ತಡೆದಿಟ್ಟು, ಅವು ವಾಪಸ್ ನುಗ್ಗುವ ರಭಸದಲ್ಲಿ ಒಂದು ಪುಟ್ಟ ಯಂತ್ರವನ್ನು ನಿಜವಾಗಿಯೂ ಗರಗರ ತಿರುಗಿಸಿ ಎಟಿಪಿ ಎಂಬ ಶಕ್ತಿಯ ಕಣ ಮಾಡಿಕೊಳ್ಳುತ್ತದೆ. ಪೊರೆಯಲ್ಲಿ ಅಲ್ಲಲ್ಲಿ ತೂತು ಬಿದ್ದರೆ ಪ್ರೋಟಾನ್ ಅಡ್ಡದಾರಿಯಲ್ಲಿ ಸೋರಿಹೋಗುತ್ತದೆ, ಯಂತ್ರ ನಿಲ್ಲುತ್ತದೆ. ಒಳಗಿನ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ. ತೂತು ದೊಡ್ಡದಾದರೆ ಒಳಗಿನ ಸಾರವೇ ಹರಿದುಹೋಗುತ್ತದೆ. ಒಳ್ಳೆಯ ಪೆಪ್ಟೈಡ್ ಇದನ್ನೆಲ್ಲ ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ.

ಎಲ್ಲಾ ಪೆಪ್ಟೈಡೂ ಪೊರೇನೇ ಹರಿಯೋದಾ ಸರ್?

ಇಲ್ಲ. ಜೇನುಹುಳದ ಮೈಯಲ್ಲಿ ಎಪಿಡೀಸಿನ್ ಅಂತ 18 ಅಮೈನೋ ಆಮ್ಲದ ಪೆಪ್ಟೈಡ್ ಇದೆ. ಅದು ಪೊರೆ ಒಡೆಯದೆ, ಬ್ಯಾಕ್ಟೀರಿಯಾದ ಸಾಗಣೆ ಬಾಗಿಲಿನಿಂದಲೇ ಒಳಗೆ ಹೋಗಿ, ಪ್ರೋಟೀನ್ ತಯಾರಿಸುವ ರೈಬೋಸೋಮ್‌ನಲ್ಲಿ ಕೂತುಬಿಡುತ್ತದೆ. ಮುಗಿದ ಪ್ರೋಟೀನನ್ನು ಹೊರಗೆ ಬಿಡುವ ಅಂಶವನ್ನು ಅಲ್ಲೇ ಸಿಕ್ಕಿಸಿ ಹಾಕುತ್ತದೆ. ನೆಲಗಪ್ಪೆಯ ಬ್ಯೂಫೋರಿನ್ ಒಳಗೆ ಹೋಗಿ ಡಿಎನ್‌ಎಗೆ ಅಂಟುತ್ತದೆ.

ನೈಸಿನ್ ಎರಡನ್ನೂ ಮಾಡುತ್ತದೆ. ಹಾಲು ಹುಳಿ ಮಾಡುವ ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್ ಎಂಬ ಬ್ಯಾಕ್ಟೀರಿಯಾ ಮಾಡುವ 34 ಅಮೈನೋ ಆಮ್ಲದ ಪೆಪ್ಟೈಡ್ ಅದು. ಗೋಡೆ ಕಟ್ಟಲು ಇಟ್ಟಿಗೆ ಹೊರುವ ಲಿಪಿಡ್-2 ಅನ್ನುವ ಕಣವನ್ನು ಹಿಡಿದುಕೊಳ್ಳುತ್ತದೆ, ಅಲ್ಲಿಗೆ ಕಟ್ಟಡ ನಿಂತಿತು. ಅದನ್ನೇ ಊರುಗೋಲು ಮಾಡಿಕೊಂಡು ಪೊರೆಗೂ ತೂತು ಹಾಕುತ್ತದೆ. ಹಿಡಿಯಲು ಗಟ್ಟಿ ಗುರುತು ಇರುವುದರಿಂದ ಬಹಳ ಕಡಿಮೆ ಪ್ರಮಾಣ ಸಾಕು. ಚೀಸ್ ಕೆಡದಂತೆ ಇಡಲು ಅದನ್ನು ದಶಕಗಳಿಂದ ಬಳಸುತ್ತಿದ್ದಾರೆ.

## ಲ್ಯಾಬ್‌ನಲ್ಲಿ

ಕೃತಕ ಅಂತೀರಲ್ಲ, ಕೈಯಲ್ಲಿ ಹೇಗೆ ಮಾಡ್ತೀರಿ?

ಮರಳಿನ ಹಾಗೆ ಕಾಣುವ ಪ್ಲಾಸ್ಟಿಕ್ ಮಣಿಗಳಿರುತ್ತವೆ, ರೆಸಿನ್ ಅನ್ನುತ್ತೇವೆ. ಸರದ ಕೊನೆಯ ಅಮೈನೋ ಆಮ್ಲವನ್ನು ಮೊದಲು ಈ ಮಣಿಗೆ ಕಟ್ಟುತ್ತೇವೆ. ಹೌದು, ಬಾಲದಿಂದ ತಲೆಯ ಕಡೆಗೆ ಪೋಣಿಸುವುದು. ಪ್ರತಿ ಅಮೈನೋ ಆಮ್ಲದ ತುದಿಗೂ ಒಂದು ಟೊಪ್ಪಿ ಹಾಕಿರುತ್ತಾರೆ, ಇಲ್ಲದಿದ್ದರೆ ಮನಬಂದಂತೆ ಪೋಣಿಸಿಕೊಂಡುಬಿಡುತ್ತವೆ. ಟೊಪ್ಪಿ ತೆಗೆ, ತೊಳೆ, ಮುಂದಿನದನ್ನು ಸೇರಿಸು, ತೊಳೆ, ಮತ್ತೆ ಟೊಪ್ಪಿ ತೆಗೆ. ಇಷ್ಟೇ ಕೆಲಸ, 20 ಸಲ. ಟೊಪ್ಪಿ ತೆಗೆಯಲು ಬಳಸುವ ದ್ರಾವಣದ ಹೆಸರು ಪೈಪರಿಡೀನ್. ಆ ಹೆಸರು ಬಂದದ್ದು ನಮ್ಮ ಕಾಳುಮೆಣಸಿನ ಲ್ಯಾಟಿನ್ ಹೆಸರಿನಿಂದ, ಮೆಣಸಿನ ಖಾರದ ಕಣದಲ್ಲೇ ಅದರ ಉಂಗುರ ಇದೆ. ಇದು ಗೊತ್ತಾದ ದಿನ ನನಗೆ ಏನೋ ಖುಷಿ.

ಪ್ರತಿ ಹೆಜ್ಜೆಯೂ ಪೂರ್ತಿ ಆಗಬೇಕು. ಹೆಜ್ಜೆಗೆ ನೂರಕ್ಕೆ 99 ಆದರೆ 20 ಹೆಜ್ಜೆ ಕಳೆದ ಮೇಲೆ ನೂರಕ್ಕೆ ಸುಮಾರು 82 ಸರ ಸರಿಯಾಗಿರುತ್ತವೆ. 95 ಆದರೆ ಉಳಿಯುವುದು ಬರೀ 36. ಕೊನೆಗೆ ಘಾಟು ಆಸಿಡ್‌ನಿಂದ ಮಣಿಯಿಂದ ಬಿಡಿಸಿ, ತಣ್ಣನೆ ಈಥರ್‌ಗೆ ಸುರಿದರೆ ಬೆಳ್ಳಗೆ ಒಡೆದು ಕೆಳಗೆ ಕೂರುತ್ತದೆ. ಶುದ್ಧ ಮಾಡಿ, ತೂಕ ನೋಡಿ, ಹೆಪ್ಪುಗಟ್ಟಿಸಿ ಒಣಗಿಸಿದರೆ ಬಾಟಲಿಯ ತಳದಲ್ಲಿ ಬೂರುಗದ ಹತ್ತಿಯಂಥ ಒಂದು ಚಿಟಿಕೆ. ಉಸಿರು ಬಿಟ್ಟರೆ ಹಾರಿಹೋಗುತ್ತದೆ.

ಮಣಿಯ ಮೇಲೆ ಪೋಣಿಸುವ ಈ ದಾರಿ ತೋರಿಸಿದವರು ಬ್ರೂಸ್ ಮೆರಿಫೀಲ್ಡ್. 1963ರಲ್ಲಿ ಪ್ರಕಟಿಸಿದರು, 1984ರಲ್ಲಿ ನೊಬೆಲ್ ಬಂತು. ಅದೇ 1963ರಲ್ಲಿ ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಜೊತೆಗಾರರು ಇಂಥ ಸರ ಯಾವ ಕೋನದಲ್ಲಿ ಬಾಗಬಹುದು, ಯಾವುದರಲ್ಲಿ ಆಗದು ಅನ್ನುವ ನಕ್ಷೆ ಕೊಟ್ಟರು. ಹೊಸ ಪೆಪ್ಟೈಡ್ ಯೋಚಿಸುವ ಯಾರೂ ಇವತ್ತಿಗೂ ಆ ನಕ್ಷೆ ಬಿಟ್ಟು ಹೋಗುವುದಿಲ್ಲ.

ಪ್ರಕೃತಿಯಲ್ಲಿ ಇರೋದನ್ನೇ ಹಾಗೇ ಬಳಸಬಹುದಲ್ಲ?

ಹೆಜ್ಜೇನು ಕಚ್ಚಿಸಿಕೊಂಡವರಿಗೆ ಉತ್ತರ ಗೊತ್ತು. ಜೇನಿನ ವಿಷದಲ್ಲಿರುವ ಮೆಲಿಟಿನ್ 26 ಅಮೈನೋ ಆಮ್ಲದ ಪೆಪ್ಟೈಡ್. ಬ್ಯಾಕ್ಟೀರಿಯಾವನ್ನು ಚೆನ್ನಾಗಿ ಕೊಲ್ಲುತ್ತದೆ. ಜೊತೆಗೆ ನಮ್ಮ ರಕ್ತಕಣವನ್ನೂ ಒಡೆಯುತ್ತದೆ. ಎಣ್ಣೆ ಮಗ್ಗುಲು ಅತಿಯಾದರೆ ಪೆಪ್ಟೈಡ್‌ಗೆ ಪ್ಲಸ್ ಮೈನಸ್ ಸೆಳೆತವೇ ಬೇಡ, ಸಿಕ್ಕ ಪೊರೆಗೆಲ್ಲ ಇಳಿಯುತ್ತದೆ. ತೀರಾ ಕಡಿಮೆಯಾದರೆ ಬ್ಯಾಕ್ಟೀರಿಯಾಕ್ಕೂ ಇಳಿಯುವುದಿಲ್ಲ. ನಡುವಿನ ಹದ ಹುಡುಕಲು ಒಂದೊಂದೇ ಅಮೈನೋ ಆಮ್ಲ ಬದಲಿಸಿ ನೋಡಬೇಕು.

ಇನ್ನೊಂದು ತೊಂದರೆ, ನಮ್ಮ ಹೊಟ್ಟೆ ಮತ್ತು ರಕ್ತದ ಕಿಣ್ವಗಳು ಪೆಪ್ಟೈಡನ್ನು ಕತ್ತರಿಸಿಬಿಡುತ್ತವೆ. ಅದಕ್ಕೇ ಬಲಗೈ ರೂಪದ ಅಮೈನೋ ಆಮ್ಲ ಸೇರಿಸುವುದು, ಕತ್ತರಿಗೆ ಹಿಡಿತ ಸಿಗುವುದಿಲ್ಲ. ಬಾಲದ ತುದಿಯನ್ನು ಬದಲಿಸಿ ಅಲ್ಲಿನ ಮೈನಸ್ ತೆಗೆಯುವುದು, ಎರಡೂ ತುದಿ ಸೇರಿಸಿ ಬಳೆ ಮಾಡುವುದು, ಇವೆಲ್ಲ ಅದೇ ಉದ್ದೇಶಕ್ಕೆ.

ಸತ್ತಿದೆ ಅಂತ ಹೇಗೆ ಗೊತ್ತಾಗೋದು?

96 ಗುಳಿಗಳ ತಟ್ಟೆ, ಅಂಗೈಗಿಂತ ಚೂರು ದೊಡ್ಡದು. ಮೊದಲ ಗುಳಿಯಲ್ಲಿ ಪೆಪ್ಟೈಡ್ ಜಾಸ್ತಿ, ಮುಂದಿನದರಲ್ಲಿ ಅದರ ಅರ್ಧ, ಅದರ ಮುಂದೆ ಅದರರ್ಧ. ಎಲ್ಲದಕ್ಕೂ ಅಷ್ಟಷ್ಟೇ ಬ್ಯಾಕ್ಟೀರಿಯಾ ಬಿಟ್ಟು, ಬೆಚ್ಚಗಿಟ್ಟು, ಮಾರನೆ ದಿನ ಬೆಳಕಿಗೆ ಹಿಡಿಯುತ್ತೇವೆ. ಬೆಳೆದಿದ್ದರೆ ಗಂಜಿ ತಿಳಿಯ ಹಾಗೆ ಮಬ್ಬು. ಬೆಳೆಯದಿದ್ದರೆ ತಿಳಿ. ತಿಳಿಯಾಗಿ ಉಳಿದ ಕೊನೆಯ ಗುಳಿಯ ಪ್ರಮಾಣವೇ ನಮ್ಮ ಅಳತೆ. ತಿಳಿ ಇದ್ದ ಮಾತ್ರಕ್ಕೆ ಸತ್ತಿದೆ ಅನ್ನುವ ಹಾಗಿಲ್ಲ, ಬರೀ ಬೆಳವಣಿಗೆ ನಿಂತಿರಬಹುದು. ಅದರಿಂದ ಒಂದು ಹನಿ ತೆಗೆದು, ಬ್ಯಾಕ್ಟೀರಿಯಾ ಬೆಳೆಸುವ ಹೊಸ ಅಗಾರ್ ಮೇಲೆ ಬಿಟ್ಟು, ಅಲ್ಲೂ ಏನೂ ಹುಟ್ಟದಿದ್ದರೆ ಸತ್ತಿದೆ. ಪೊರೆ ಒಡೆದಿದೆಯಾ ನೋಡಲು ಒಂದು ಬಣ್ಣ ಇದೆ, ಪ್ರೊಪಿಡಿಯಂ ಅಯೋಡೈಡ್. ಗಟ್ಟಿ ಪೊರೆಯನ್ನು ಅದು ದಾಟುವುದಿಲ್ಲ. ಹರಿದ ಪೊರೆಯಿಂದ ಒಳಗೆ ಹೋಗಿ ಡಿಎನ್‌ಎ ಸೇರಿ ಕೆಂಪಗೆ ಹೊಳೆಯುತ್ತದೆ.

ನಾನು ಶುರುವಿನಲ್ಲಿ ಮೂರು ತಿಂಗಳು ಕಳೆದುಕೊಂಡದ್ದು ತಟ್ಟೆಯ ವಿಷಯದಲ್ಲಿ. ಸಾಮಾನ್ಯ ಪಾಲಿಸ್ಟೈರೀನ್ ತಟ್ಟೆಗೆ ಪ್ಲಸ್ ಚಾರ್ಜ್‌ನ ಪೆಪ್ಟೈಡ್ ಅಂಟಿಕೊಳ್ಳುತ್ತದೆ. ನೀರಿನಲ್ಲಿ ಉಳಿಯುವುದು ಕಡಿಮೆ. ಪೆಪ್ಟೈಡ್ ದುರ್ಬಲ ಅಂದುಕೊಂಡೆ. ಪಾಲಿಪ್ರೊಪಿಲೀನ್ ತಟ್ಟೆಗೆ ಬದಲಿಸಿದ ಮೇಲೆ ಅದೇ ಪೆಪ್ಟೈಡ್ ಎಷ್ಟೋ ಚೆನ್ನಾಗಿ ಕೆಲಸ ಮಾಡಿತು. ಈ ಕೆಲಸ ಶುರು ಮಾಡುವ ಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ.

ಇದರ ಜೊತೆಗೇ ಇನ್ನೊಂದು ಪರೀಕ್ಷೆ ಕಡ್ಡಾಯ. ಕೆಂಪು ರಕ್ತಕಣಕ್ಕೆ ಪೆಪ್ಟೈಡ್ ಹಾಕಿ ಒಂದು ಗಂಟೆ ಬಿಟ್ಟು ಗಿರ್ರನೆ ತಿರುಗಿಸುವುದು. ಕಣ ಗಟ್ಟಿ ಇದ್ದರೆ ತಳದಲ್ಲಿ ಕೆಂಪು ಗುಂಡಿ, ಮೇಲೆ ತಿಳಿ ನೀರು. ಒಡೆದಿದ್ದರೆ ಇಡೀ ಕೊಳವೆ ಮುರುಗಲ ಶರಬತ್ತಿನ ಬಣ್ಣ. ಆ ಬಣ್ಣ ಕಂಡರೆ, ಬ್ಯಾಕ್ಟೀರಿಯಾ ಎಷ್ಟೇ ಸತ್ತಿರಲಿ, ಆ ಪೆಪ್ಟೈಡನ್ನು ಮುಂದಕ್ಕೆ ಒಯ್ಯುವಂತಿಲ್ಲ.

## ಕಷ್ಟದ ಪ್ರಶ್ನೆಗಳು

ಇದಕ್ಕೂ ಬ್ಯಾಕ್ಟೀರಿಯಾ ಒಗ್ಗಿಕೊಳ್ಳಲ್ವಾ?

ಒಗ್ಗಿಕೊಳ್ಳುತ್ತದೆ. ನಿಧಾನ, ಕಷ್ಟ, ಆದರೆ ಆಗುತ್ತದೆ. ‘ರೆಸಿಸ್ಟೆನ್ಸ್ ಬರುವುದೇ ಇಲ್ಲ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೀವು ಮಾಡುವ ಸ್ಟ್ಯಾಫಿಲೋಕಾಕಸ್ ತನ್ನ ಪೊರೆಯ ಮೈನಸ್ ಕೊಬ್ಬಿಗೆ ಲೈಸೀನ್ ಅಂಟಿಸಿ ಮೈನಸ್ಸನ್ನು ಮುಚ್ಚಿಡುತ್ತದೆ. ಗೋಡೆಗೂ ಹಾಗೇ ಅಲನೀನ್ ಅಂಟಿಸುತ್ತದೆ. ಆಗ ಪ್ಲಸ್ ಪೆಪ್ಟೈಡ್‌ಗೆ ಸೆಳೆತ ಕಡಿಮೆ. ಕೆಲವು ಬ್ಯಾಕ್ಟೀರಿಯಾ ಕತ್ತರಿ ಕಿಣ್ವಗಳನ್ನು ಹೊರಗೆ ಬಿಡುತ್ತವೆ.

ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಕೋಲಿಸ್ಟಿನ್ ಕಥೆ. ಕೋಲಿಸ್ಟಿನ್ ಕೂಡ ಪೆಪ್ಟೈಡ್ ಜಾತಿಯದೇ, ಕೊಬ್ಬಿನ ಬಾಲ ಇರುವ ಬಳೆ. ಇ. ಕೋಲಿ, ಕ್ಲೆಬ್ಸಿಯೆಲ್ಲಾ ಥರದ ಬ್ಯಾಕ್ಟೀರಿಯಾಕ್ಕೆ ಪೊರೆಯ ಹೊರಗೆ ಇನ್ನೊಂದು ಪೊರೆ ಇದೆ. ಅದರ ಕೊಬ್ಬುಗಳನ್ನು ಕ್ಯಾಲ್ಸಿಯಂ, ಮೆಗ್ನೀಸಿಯಂ ಹೊಲಿಗೆ ಹಾಕಿದಂತೆ ಹಿಡಿದಿರುತ್ತವೆ. ಕೋಲಿಸ್ಟಿನ್ ಆ ಹೊಲಿಗೆ ಬಿಚ್ಚುತ್ತದೆ. ಬೇರೆ ಏನೂ ಕೆಲಸ ಮಾಡದಾಗ ಐಸಿಯುನಲ್ಲಿ ಕೊನೆಯ ಔಷಧಿ ಅದು. ಅದನ್ನು ಕೋಳಿ, ಹಂದಿ ಬೇಗ ಬೆಳೆಯಲಿ ಅಂತ ಮೇವಿಗೆ ಬೆರೆಸಿದರು. 2015ರಲ್ಲಿ ಚೀನಾದಿಂದ ಎಂಸಿಆರ್-1 ಜೀನ್‌ನ ವರದಿ ಬಂತು. ಹೊರಪೊರೆಯ ಮೈನಸ್ ಕಡಿಮೆ ಮಾಡುವ ಜೀನ್ ಅದು, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಕೈ ಬದಲಾಗುವಂಥದ್ದು. ಭಾರತ 2019ರಲ್ಲಿ ಆಹಾರಕ್ಕೆ ಸಾಕುವ ಪ್ರಾಣಿ, ಕೋಳಿ, ಮೀನುಗಳಿಗೆ ಕೋಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಒಳ್ಳೆಯ ಕೆಲಸ. ಹೊಸ ಪೆಪ್ಟೈಡ್‌ಗಳನ್ನೂ ಹೀಗೆ ಮೇವಿಗೆ ಬೆರೆಸಿ ಹಾಳು ಮಾಡಬಾರದು ಅಂತ ನನ್ನ ಬಲವಾದ ಅಭಿಪ್ರಾಯ. ಇಲ್ಲಿ ಇನ್ನೊಂದು ಅಪಾಯವೂ ಇದೆ. ಹೊರಗಿನ ಪೆಪ್ಟೈಡ್‌ಗೆ ಒಗ್ಗಿದ ಬ್ಯಾಕ್ಟೀರಿಯಾ ನಮ್ಮ ಮೈಯ ಸ್ವಂತ ಪೆಪ್ಟೈಡ್‌ಗೂ ಬಗ್ಗದೇ ಹೋಗಬಹುದು.

ಕೊಳೆರೋಗಕ್ಕೆ, ಇಲಿಜ್ವರಕ್ಕೆ, ಮಂಗನ ಕಾಯಿಲೆಗೆ ಇದು ಆಗುತ್ತಾ?

ಮೂರೂ ಬೇರೆ ಬೇರೆ. ಮಂಗನ ಕಾಯಿಲೆ ವೈರಸ್‌ನಿಂದ ಬರುವುದು, 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲೇ ಪತ್ತೆಯಾದದ್ದು. ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಅದನ್ನು ಮುಟ್ಟುವುದಿಲ್ಲ. ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ದಾರಿ. ಇಲಿಜ್ವರ ಬ್ಯಾಕ್ಟೀರಿಯಾದ್ದು, ಆದರೆ ಅದಕ್ಕೆ ಡಾಕ್ಸಿಸೈಕ್ಲಿನ್, ಪೆನ್ಸಿಲಿನ್ ಇವತ್ತೂ ಚೆನ್ನಾಗಿ ಕೆಲಸ ಮಾಡುತ್ತವೆ. ಗದ್ದೆ ಕೆಲಸದ ನಂತರ ಜ್ವರ, ಮೀನಖಂಡದ ನೋವು ಬಂದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ. ಅಡಿಕೆ ಕೊಳೆಗೆ ಕಾರಣ ಫೈಟಾಫ್ತೊರಾ, ಅದು ಬ್ಯಾಕ್ಟೀರಿಯಾ ಅಲ್ಲ. ಚಿಟಿಕೆ ಲೆಕ್ಕದಲ್ಲಿ ಸಿಗುವ ಪೆಪ್ಟೈಡನ್ನು ಎಕರೆಗಟ್ಟಲೆ ಅಡಿಕೆ ಗೊನೆಗೆ ಹೊಡೆಯುವುದು ಇವತ್ತಿಗೆ ಆಗದ ಮಾತು. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವೇ ಸರಿ.

1987ರಿಂದ ಇದೆ ಅಂದ್ರಿ. ಮತ್ತೆ ಮೆಡಿಕಲ್ ಶಾಪಲ್ಲಿ ಯಾಕಿಲ್ಲ?

ಕೆಲವು ಇವೆ, ನಮಗೆ ಪೆಪ್ಟೈಡ್ ಅಂತ ಗೊತ್ತಿರುವುದಿಲ್ಲ ಅಷ್ಟೇ. ಗಾಯದ ಮುಲಾಮುಗಳಲ್ಲಿರುವ ಪಾಲಿಮಿಕ್ಸಿನ್-ಬಿ ಅದೇ ಜಾತಿ. 2003ರಲ್ಲಿ ಒಪ್ಪಿಗೆ ಪಡೆದ ಡ್ಯಾಪ್ಟೊಮೈಸಿನ್ ಕೂಡ. ಆದರೆ ಇವು ಸೂಕ್ಷ್ಮಜೀವಿಗಳಿಂದ ಬೆಳೆಸಿ ತೆಗೆಯುವಂಥವು. ವಿನ್ಯಾಸ ಮಾಡಿ ಕಟ್ಟಿದ ಪೆಪ್ಟೈಡ್‌ಗಳ ದಾರಿ ಬಹಳ ಕಷ್ಟದ್ದು.

ಮ್ಯಾಗೈನಿನ್ ತಿದ್ದಿ ಪೆಕ್ಸಿಗನಾನ್ ಅಂತ ಮಾಡಿದರು, ಅದೂ ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿಗೆ ಹಚ್ಚುವ ಮುಲಾಮಾಗಿ. ಅಪ್ಪನ ಹುಣ್ಣು ನೋಡಿದ ನನಗೆ ಈ ಕಥೆ ಓದಿದಾಗಲೆಲ್ಲ ಹೊಟ್ಟೆ ಹಿಂಡುತ್ತದೆ. 1999ರಲ್ಲಿ ಅಮೆರಿಕದ ಔಷಧ ಇಲಾಖೆ ಒಪ್ಪಿಗೆ ಕೊಡಲಿಲ್ಲ, ಇರುವ ಔಷಧಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ ಅಂತ. ಆಮೇಲೆ ಮತ್ತೆ ನಡೆಸಿದ ದೊಡ್ಡ ಪ್ರಯೋಗಗಳೂ 2016ರಲ್ಲಿ ಕೈಕೊಟ್ಟವು. ಸೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾಕ್ಕೆ ಗುರಿಯಿಟ್ಟ ಮ್ಯುರೆಪವಾಡಿನ್‌ನ ಇಂಜೆಕ್ಷನ್ ಪ್ರಯೋಗವನ್ನು 2019ರಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದದ್ದರಿಂದ ನಿಲ್ಲಿಸಬೇಕಾಯಿತು.

ಗುಳಿಯಲ್ಲಿ ಗೆದ್ದದ್ದು ಮೈಯಲ್ಲಿ ಸೋಲಲು ಕಾರಣಗಳಿವೆ. ರಕ್ತದಲ್ಲಿರುವ ಉಪ್ಪು ಪ್ಲಸ್ ಮೈನಸ್ ಸೆಳೆತವನ್ನು ಕಡಿಮೆ ಮಾಡುತ್ತದೆ. ರಕ್ತದ ಪ್ರೋಟೀನ್‌ಗಳು ಪೆಪ್ಟೈಡನ್ನು ಹಿಡಿದಿಟ್ಟುಕೊಳ್ಳುತ್ತವೆ. ಡ್ಯಾಪ್ಟೊಮೈಸಿನ್‌ಗೆ ಶ್ವಾಸಕೋಶದ ಜಿಡ್ಡೇ ಅಡ್ಡ, ಅದಕ್ಕೇ ನ್ಯುಮೋನಿಯಾಗೆ ಕೊಡುವುದಿಲ್ಲ. ಜೊತೆಗೆ ಖರ್ಚು. ಆದರೂ ದಾರಿ ಮುಚ್ಚಿಲ್ಲ. 2024ರ ಶುರುವಿನಲ್ಲಿ ಝೊಸುರಬಾಲ್ಪಿನ್ ಎಂಬ ಬಳೆಯಾಕಾರದ ಪೆಪ್ಟೈಡ್ ವರದಿಯಾಯಿತು. ಐಸಿಯುಗಳನ್ನು ಕಾಡುವ ಎಸಿನಿಟೊಬ್ಯಾಕ್ಟರ್ ತನ್ನ ಹೊರಪೊರೆಗೆ ಕೊಬ್ಬು ಸಾಗಿಸುವ ಸೇತುವೆಯನ್ನೇ ಅದು ಜಾಮ್ ಮಾಡುತ್ತದೆ. ಅಂಥ ಸೇತುವೆ ನಮ್ಮ ಕೋಶದಲ್ಲಿ ಇಲ್ಲ. ರೋಗಿಯನ್ನು ಬಿಟ್ಟು ಬ್ಯಾಕ್ಟೀರಿಯಾವನ್ನು ಹಿಡಿಯಲು ಚಾರ್ಜ್ ಒಂದನ್ನೇ ನಂಬದೆ ಇನ್ನೊಂದು ಗುರುತು ಹುಡುಕಿದ್ದು ನನಗೆ ಬಹಳ ಸರಿ ಅನ್ನಿಸುತ್ತದೆ.

ನಾನು ಬಿ.ಎಸ್ಸಿ. ಓದ್ತಿದ್ದೀನಿ ಸರ್. ನಮ್ಮ ಕಾಲೇಜಲ್ಲಿ ಇಂಥ ಮಶೀನು ಯಾವುದೂ ಇಲ್ಲ. ಎಲ್ಲಿಂದ ಶುರು ಮಾಡ್ಲಿ?

ಒಂದು ಬಿಳಿ ಹಾಳೆ, ಕೋನಮಾಪಕ, ಎರಡು ಬಣ್ಣದ ಪೆನ್ಸಿಲ್ ಸಾಕು. ಸುರುಳಿಯಲ್ಲಿ ಒಂದು ಸುತ್ತಿಗೆ 3.6 ಅಮೈನೋ ಆಮ್ಲ, ಅಂದರೆ ಒಂದೊಂದಕ್ಕೆ 100 ಡಿಗ್ರಿ. ಹಾಳೆ ಮೇಲೆ ಒಂದು ವೃತ್ತ ಬರೆ. ಮೊದಲನೆಯದನ್ನು ಸೊನ್ನೆ ಡಿಗ್ರಿಯಲ್ಲಿ ಇಡು. ಎರಡನೆಯದು 100, ಮೂರನೆಯದು 200, ನಾಲ್ಕನೆಯದು 300, ಐದನೆಯದು 400, ಅಂದರೆ ಒಂದು ಸುತ್ತು ಮುಗಿದು 40. ಹೀಗೇ ಮ್ಯಾಗೈನಿನ್-2ರ 23ನ್ನೂ ಗುರುತು ಮಾಡು.

ಅದರಲ್ಲಿ ಲೈಸೀನ್ ಇರುವುದು 4, 10, 11, 14ನೇ ಜಾಗದಲ್ಲಿ. ನೀಲಿ ಬಣ್ಣ ಹಾಕು. 300, 180, 280, 220 ಡಿಗ್ರಿಗೆ ಬರುತ್ತವೆ, ನಾಲ್ಕೂ ಒಂದೇ ಮಗ್ಗುಲು. ಎಣ್ಣೆ ಕಡೆಯ ಫಿನೈಲ್‌ಅಲನೀನ್ 5, 12, 16ರಲ್ಲಿದೆ, ಐಸೋಲ್ಯೂಸೀನ್ 2 ಮತ್ತು 20ರಲ್ಲಿ, ಲ್ಯೂಸೀನ್ 6ರಲ್ಲಿ. ಇವಕ್ಕೆ ಹಳದಿ. 20ರಿಂದ 140 ಡಿಗ್ರಿಯ ಒಳಗೆ ಎಲ್ಲವೂ ಸೇರಿಕೊಳ್ಳುತ್ತವೆ. ಸಾಲಾಗಿ ಬರೆದಾಗ ಚೆಲ್ಲಾಪಿಲ್ಲಿ ಕಂಡದ್ದು ಹೀಗೆ ಎರಡು ಪಾಲಾಗುವುದನ್ನು ನಿನ್ನ ಕೈಯಿಂದಲೇ ನೋಡು.

ಆಮೇಲೆ ಇನ್ನೊಂದು ಹಾಳೆಯಲ್ಲಿ ಪೆಕ್ಸಿಗನಾನ್ ಬರೆ. 22 ಅಮೈನೋ ಆಮ್ಲ, 9 ಲೈಸೀನ್. ಹಳೆಯ ನಾಲ್ಕು ಅಲ್ಲೇ ಇವೆ, ಹೊಸ ಐದು 7, 8, 18, 21, 22ನೇ ಜಾಗದಲ್ಲಿ. ಅವು ಎಲ್ಲಿ ಬೀಳುತ್ತವೆ ಅಂತ ಲೆಕ್ಕ ಹಾಕಿ, ಎರಡೂ ಹಾಳೆ ತೆಗೆದುಕೊಂಡು ಬಾ. ಮಧ್ಯಾಹ್ನ ಮೂರರ ಮೇಲೆ ನಾನು ಡಿಪಾರ್ಟ್‌ಮೆಂಟಿನಲ್ಲೇ ಇರುತ್ತೇನೆ.